ಹೊಟ್ಟೆಪಟ್ಟಿ

ಹೊಟ್ಟೆಪಟ್ಟಿ ಎಂದರೆ ಪಕ್ಕೆಲುಬುಗಳ ಕೆಳಗಿನಿಂದ ಸೊಂಟದ ಮೂಳೆಯವರೆಗಿನ ಭಾಗವನ್ನು ಸುತ್ತುವರಿದು ಬಿಗಿಯಾಗಿ ಹಿಡಿದಿಡುವ ಬಟ್ಟೆ ಅಥವಾ ಹಿಗ್ಗುವ ಪಟ್ಟಿ. ಬಾಣಂತಿಯರ ಆರೈಕೆಯಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ, ಬೆನ್ನುನೋವಿನ ಉಪಚಾರದಲ್ಲಿ ಮತ್ತು ಸೊಂಟವನ್ನು ಸಣ್ಣದಾಗಿ ಕಾಣಿಸುವ ಉದ್ದೇಶದಿಂದ ಇದನ್ನು ಧರಿಸಲಾಗುತ್ತದೆ. ಕೊನೆಯ ಉದ್ದೇಶಕ್ಕಾಗಿಯೇ ಮಾರಾಟವಾಗುವ ಪಟ್ಟಿಗೆ ವೇಸ್ಟ್ ಟ್ರೇನರ್ ಎಂಬ ಹೆಸರಿದೆ. ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಹೆರಿಗೆಯಾದ ಮಹಿಳೆಯ ಹೊಟ್ಟೆಗೆ ಹಳೆಯ ಹತ್ತಿ ಸೀರೆ ಅಥವಾ ದೋತರವನ್ನು ಕಟ್ಟುವ ರೂಢಿ ಬಾಣಂತನದ ಒಂದು ಅಂಗವಾಗಿದೆ. ಈಗ ಅದರ ಜೊತೆಗೆ, ಅಥವಾ ಅದರ ಬದಲಿಗೆ, ಔಷಧದ ಅಂಗಡಿಗಳಲ್ಲಿ ದೊರೆಯುವ ವೆಲ್ಕ್ರೋ ಪಟ್ಟಿಗಳು ಬಳಕೆಗೆ ಬಂದಿವೆ.

ಸರಿಯಾದ ಅಳತೆಯ ಪಟ್ಟಿಯು ಮೊದಲ ಕೆಲವು ವಾರಗಳಲ್ಲಿ ಹೊಟ್ಟೆಗೂ ಬೆನ್ನಿಗೂ ಆಸರೆ ನೀಡಬಲ್ಲದು. ಆದರೆ ಅದು ಕೊಬ್ಬನ್ನು ಕರಗಿಸುವುದಿಲ್ಲ, ಗರ್ಭಕೋಶವನ್ನು ಕುಗ್ಗಿಸುವುದಿಲ್ಲ ಮತ್ತು ಸೊಂಟದ ಆಕಾರವನ್ನು ಶಾಶ್ವತವಾಗಿ ಬದಲಿಸುವುದಿಲ್ಲ. ಅತಿಯಾಗಿ ಬಿಗಿದ ಪಟ್ಟಿಯಿಂದ ಹಾನಿಯೂ ಉಂಟಾಗಬಹುದು.

ಹೆಸರು

ಆಡುಮಾತಿನಲ್ಲಿ ಇದನ್ನು ಹೊಟ್ಟೆ ಬೆಲ್ಟು, ಸೊಂಟದ ಬೆಲ್ಟು, ಬಾಣಂತಿ ಬೆಲ್ಟು ಎಂದು ಕರೆಯುತ್ತಾರೆ. ಬಟ್ಟೆಯಿಂದ ಸುತ್ತುವ ಕ್ರಮಕ್ಕೆ ‘ಹೊಟ್ಟೆ ಕಟ್ಟುವುದು’ ಎನ್ನುತ್ತಾರೆ. ಊಟ-ಉಡುಗೆಯಲ್ಲಿ ಕೊರತೆ ಮಾಡಿಕೊಂಡು ಹಣ ಉಳಿಸುವುದಕ್ಕೂ ‘ಹೊಟ್ಟೆ ಬಾಯಿ ಕಟ್ಟಿ’ ಎಂಬ ನುಡಿಗಟ್ಟು ಇದೆ. ಅದರ ಅರ್ಥ ಬೇರೆ. ಉತ್ತರ ಕರ್ನಾಟಕದಲ್ಲಿ ಸೊಂಟಕ್ಕೆ ‘ಟೊಂಕ’ ಮತ್ತು ‘ನಡು’ ಎಂಬ ಪದಗಳಿವೆ. ಶ್ರಮದ ಕೆಲಸಕ್ಕೆ ಸಿದ್ಧವಾಗುವುದನ್ನು ‘ಟೊಂಕಕಟ್ಟಿ ನಿಲ್ಲುವುದು’ ಎನ್ನುವಲ್ಲಿ ನಡುವಿಗೆ ಬಟ್ಟೆ ಬಿಗಿದು ದುಡಿಯುವ ಹಳೆಯ ಪದ್ಧತಿಯ ನೆನಪಿದೆ. ಒಡವೆಗಳಾದ ಡಾಬು, ಸೊಂಟಪಟ್ಟಿ ಮತ್ತು ಉಡಿದಾರಗಳು ಸೊಂಟದ ಮೇಲೆಯೇ ಇದ್ದರೂ ಹೊಟ್ಟೆಯನ್ನು ಬಿಗಿಯುವ ಸಾಧನಗಳಲ್ಲ.

ಇತಿಹಾಸ

ಭಾರತದಲ್ಲಿ

ಬಾಣಂತಿಯ ಹೊಟ್ಟೆಗೆ ಬಟ್ಟೆ ಸುತ್ತುವ ಕ್ರಮದ ಉಲ್ಲೇಖ ಆಯುರ್ವೇದದ ಚರಕ ಸಂಹಿತೆಯಲ್ಲಿದೆ. ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಹೆರಿಗೆಯಾದ ಸ್ತ್ರೀಯ ಹೊಟ್ಟೆಗೆ ತುಪ್ಪ ಮತ್ತು ಎಣ್ಣೆ ಹಚ್ಚಿ ದೊಡ್ಡದಾದ ಶುಭ್ರ ವಸ್ತ್ರದಿಂದ ಸುತ್ತಬೇಕೆಂದು ಹೇಳಿದೆ. ಬರಿದಾದ ಹೊಟ್ಟೆಯಲ್ಲಿ ವಾಯುವಿಗೆ ಅವಕಾಶ ದೊರೆತು ವಿಕಾರ ಉಂಟಾಗದಿರಲಿ ಎಂಬುದು ಅಲ್ಲಿನ ವಿವರಣೆ. ‘ಹೊಟ್ಟೆಯೊಳಗೆ ಗಾಳಿ ಹೊಕ್ಕೀತು’ ಎಂದು ಮನೆಯ ಹಿರಿಯರು ಇಂದಿಗೂ ಹೇಳುವ ಮಾತು ಇದೇ ತಿಳಿವಳಿಕೆಗೆ ಸಮೀಪದ್ದು.

ಇಂತಹ ರೂಢಿ ಇತರ ದೇಶಗಳಲ್ಲಿಯೂ ಇದೆ. ಮಲೇಷ್ಯಾದಲ್ಲಿ ಬಾಣಂತಿಗೆ ‘ಬೆಂಗ್‌ಕುಂಗ್’ ಎಂಬ ಉದ್ದನೆಯ ಬಟ್ಟೆಯನ್ನು ಸುತ್ತುತ್ತಾರೆ. ಜಪಾನಿನಲ್ಲಿ ಗರ್ಭಿಣಿಯ ಹೊಟ್ಟೆಗೆ ಐದನೆಯ ತಿಂಗಳಿನಲ್ಲಿ ‘ಹರಾ-ಓಬಿ’ ಕಟ್ಟುವ ಸಂಪ್ರದಾಯವಿದೆ.

ಯುರೋಪಿನಲ್ಲಿ

ಸೊಂಟವನ್ನು ಸಣ್ಣದಾಗಿ ಕಾಣಿಸಲು ಬಿಗಿಯುಡುಪು ಧರಿಸುವ ಕ್ರಮ ಯುರೋಪಿನಲ್ಲಿ 16ನೆಯ ಶತಮಾನದಿಂದ ಬೆಳೆಯಿತು. ತಿಮಿಂಗಿಲದ ಬಾಯೊಳಗಿನ ಬಾಗುವ ಪಟ್ಟಿಗಳನ್ನು, ಮುಂದೆ ಉಕ್ಕಿನ ಪಟ್ಟಿಗಳನ್ನು, ಬಟ್ಟೆಯೊಳಗೆ ಹೊಲಿದು ಕಾರ್ಸೆಟ್‌ಗಳನ್ನು ತಯಾರಿಸುತ್ತಿದ್ದರು. 19ನೆಯ ಶತಮಾನದಲ್ಲಿ ದಾರದ ತೂತುಗಳಿಗೆ ಲೋಹದ ಬಳೆ ಕೂಡಿಸುವ ವಿಧಾನ ಬಂದ ಮೇಲೆ ಹಿಂದೆಂದಿಗಿಂತ ಹೆಚ್ಚು ಬಿಗಿಯುವುದು ಸಾಧ್ಯವಾಯಿತು. ಅದಕ್ಕೆ ವಿರೋಧವೂ ಹುಟ್ಟಿತು. 1881ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರ್‍ಯಾಷನಲ್ ಡ್ರೆಸ್ ಸೊಸೈಟಿ ದೇಹವನ್ನು ಹಿಂಸಿಸುವ ಉಡುಪುಗಳನ್ನು ಖಂಡಿಸಿತು. ಫ್ರಾನ್ಸಿನ ವೈದ್ಯ ಲುಡೋವಿಕ್ ಓಫಾಲೋವೆಲ್ 1908ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಬಿಗಿದ ಕಾರ್ಸೆಟ್ ಪಕ್ಕೆಲುಬುಗಳನ್ನು ಹೇಗೆ ಒತ್ತುತ್ತದೆ ಎಂಬುದನ್ನು ಕ್ಷ-ಕಿರಣ ಚಿತ್ರಗಳ ಮೂಲಕ ತೋರಿಸಿದನು. ಮೊದಲ ಮಹಾಯುದ್ಧದ ನಂತರ ಕಾರ್ಸೆಟ್‌ನ ಬಳಕೆ ಕುಗ್ಗಿ, ರಬ್ಬರು ಕೂಡಿದ ಹಗುರವಾದ ಒಳಪಟ್ಟಿಗಳು ಬಂದವು. 2010ರ ದಶಕದಲ್ಲಿ ಸಾಮಾಜಿಕ ಜಾಲತಾಣಗಳ ಪ್ರಚಾರದಿಂದ ವೇಸ್ಟ್ ಟ್ರೇನರ್ ಎಂಬ ಹೆಸರಿನಲ್ಲಿ ಬಿಗಿಪಟ್ಟಿಗಳು ಮತ್ತೆ ಜನಪ್ರಿಯವಾದವು.

ಹುಬ್ಬಳ್ಳಿ-ಧಾರವಾಡ ಭಾಗದ ರೂಢಿ

ಈ ಭಾಗದಲ್ಲಿ ಚೊಚ್ಚಲ ಹೆರಿಗೆ ಮತ್ತು ಬಾಣಂತನ ಸಾಮಾನ್ಯವಾಗಿ ತವರುಮನೆಯಲ್ಲಿ ನಡೆಯುತ್ತವೆ. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ತಲೆ ಮತ್ತು ಕಿವಿ ಮುಚ್ಚುವಂತೆ ಬಟ್ಟೆ ಕಟ್ಟುವುದು, ಹೊರಸಿನ ಬಳಿ ಅಗ್ಗಿಷ್ಟಿಗೆಯನ್ನಿಟ್ಟು ಕಾಯಿಸುವುದು, ಅಂಟಿನ ಉಂಡೆ, ಅಳವಿ ಪಾಯಸ, ಸಬ್ಬಸಗಿ ಪಲ್ಯಗಳನ್ನು ಉಣಿಸುವುದು ಆರೈಕೆಯ ಭಾಗಗಳಾಗಿವೆ. ಸ್ನಾನವಾದ ಬಳಿಕ ಅನೇಕ ಬಾರಿ ಒಗೆದು ಮೆತ್ತಗಾದ ಹತ್ತಿ ಬಟ್ಟೆಯನ್ನು ನೀಳವಾಗಿ ಮಡಚಿ, ಬಾಣಂತಿಯನ್ನು ಮಲಗಿಸಿ ಹೊಟ್ಟೆಗೆ ಸುತ್ತಲಾಗುತ್ತದೆ. ತಾಯಿ, ಅಜ್ಜಿ ಅಥವಾ ಎರೆಯಲು ಬರುವ ಹೆಂಗಸು ಈ ಕೆಲಸ ಮಾಡುತ್ತಾರೆ.

ಹೊಟ್ಟೆ ಜೋಲು ಬೀಳಬಾರದು, ಗರ್ಭಕೋಶ ಜಾರಬಾರದು, ಬೆನ್ನಿಗೆ ಬಲ ಬರಬೇಕು ಎಂಬುವು ಇದಕ್ಕೆ ಹೇಳುವ ಕಾರಣಗಳು. ಇವುಗಳಲ್ಲಿ ಬೆನ್ನಿಗೆ ಆಸರೆ ದೊರೆಯುತ್ತದೆ ಎಂಬ ಮಾತಿಗೆ ಆಧಾರವಿದೆ. ಉಳಿದ ಎರಡರ ವಿವರ ಮುಂದಿದೆ. ಹತ್ತಿ ಬಟ್ಟೆಯ ಕಟ್ಟಿಗೆ ಒಂದು ಅನುಕೂಲವಿದೆ: ಉಸಿರು, ಊಟ ಮತ್ತು ಚಲನೆಗೆ ತಕ್ಕಂತೆ ಅದು ತಾನಾಗಿಯೇ ಸ್ವಲ್ಪ ಸಡಿಲವಾಗುತ್ತದೆ, ಬೆವರನ್ನು ಹೀರುತ್ತದೆ, ನಿತ್ಯವೂ ಒಗೆಯಲು ಸಾಧ್ಯವಿದೆ. ವೆಲ್ಕ್ರೋ ಪಟ್ಟಿ ಹಾಗಲ್ಲ. ಒಮ್ಮೆ ಬಿಗಿದರೆ ಬಿಚ್ಚುವವರೆಗೆ ಬಹುಪಾಲು ಅದೇ ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ಬಟ್ಟೆ ಕಟ್ಟುವ ಅಭ್ಯಾಸವಿದ್ದ ಕೈಗಳು ಅದೇ ಬಲದಿಂದ ವೆಲ್ಕ್ರೋ ಪಟ್ಟಿಯನ್ನು ಎಳೆದರೆ ಒತ್ತಡ ಹೆಚ್ಚಾಗುವುದು ಈ ಕಾರಣದಿಂದಲೇ.

ವಿಧಗಳು

ಬಟ್ಟೆಯ ಕಟ್ಟು: ಹತ್ತಿ ಸೀರೆ, ದೋತರ ಅಥವಾ ಅಗಲವಾದ ಪಂಜೆಯಿಂದ ಕಟ್ಟುವುದು.

ವೈದ್ಯಕೀಯ ಹೊಟ್ಟೆಪಟ್ಟಿ: ಹಿಗ್ಗುವ ಬಟ್ಟೆಯ ಎರಡು, ಮೂರು ಅಥವಾ ನಾಲ್ಕು ಪಟ್ಟೆಗಳನ್ನು ಕೂಡಿಸಿ ಮುಂಭಾಗದಲ್ಲಿ ವೆಲ್ಕ್ರೋ ಅಂಟುವಂತೆ ಮಾಡಿರುತ್ತಾರೆ. ಸಿಸೇರಿಯನ್ ಹೆರಿಗೆ ಮತ್ತು ಹೊಟ್ಟೆಯ ಇತರ ಶಸ್ತ್ರಚಿಕಿತ್ಸೆಗಳ ನಂತರ ಬಳಸುವುದು ಇದನ್ನೇ.

ಬೆನ್ನಿನ ಪಟ್ಟಿ: ಹಿಂಭಾಗದಲ್ಲಿ ಗಟ್ಟಿಯಾದ ಪಟ್ಟಿಗಳಿರುವ ಇದನ್ನು ಬೆನ್ನಿನ ಕೆಳಭಾಗದ ನೋವಿಗೆ ವೈದ್ಯರು ಸೂಚಿಸುತ್ತಾರೆ. ಹೊಸ ಬಾಣಂತಿಗೆ ಇದು ಹೊಟ್ಟೆಪಟ್ಟಿಯ ಬದಲಿಯಲ್ಲ.

ವೇಸ್ಟ್ ಟ್ರೇನರ್: ಲ್ಯಾಟೆಕ್ಸ್ ಅಥವಾ ನಿಯೋಪ್ರೀನ್ ಪದರದ, ಸಾಲು ಕೊಂಡಿಗಳಿರುವ ಬಿಗಿಪಟ್ಟಿ. ಕೆಲವದರಲ್ಲಿ ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಗಳಿರುತ್ತವೆ. ಇದು ಉಡುಪಿನ ವಸ್ತುವೇ ಹೊರತು ಚಿಕಿತ್ಸೆಯ ಸಾಧನವಲ್ಲ.

ಭಾರ ಎತ್ತುವವರ ಬೆಲ್ಟು: ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವ ಕೆಲವೇ ಕ್ಷಣಗಳಿಗೆ ಬಳಸುವ ಅಗಲವಾದ ಬೆಲ್ಟು. ಮೂಟೆ ಹೊರುವ ಹಮಾಲರು ಸೊಂಟಕ್ಕೆ ಟವೆಲ್ ಬಿಗಿದುಕೊಳ್ಳುವುದು ಇದರ ಸರಳ ರೂಪ. ಬೆನ್ನುನೋವಿಲ್ಲದ ಕೆಲಸಗಾರರಿಗೆ ಇಂತಹ ಬೆಲ್ಟು ಗಾಯವಾಗದಂತೆ ತಡೆಯುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1994ರಲ್ಲಿ ತಿಳಿಸಿತು.

ದೇಹದ ಮೇಲಿನ ಪರಿಣಾಮ

ಗರ್ಭಕೋಶ

ಹೆರಿಗೆಯಾದ ಕೂಡಲೇ ಗರ್ಭಕೋಶ ಹೊಕ್ಕುಳಿನ ಮಟ್ಟದಲ್ಲಿದ್ದು ಸುಮಾರು 1 ಕಿಲೋಗ್ರಾಂ ತೂಗುತ್ತದೆ. ಸುಮಾರು ಎರಡು ವಾರಗಳಲ್ಲಿ ಅದು ಕಿಬ್ಬೊಟ್ಟೆಯ ಮೂಳೆಗಳ ಒಳಗೆ ಇಳಿಯುತ್ತದೆ ಮತ್ತು ಆರು ವಾರಗಳ ಹೊತ್ತಿಗೆ ಗರ್ಭ ಧರಿಸುವ ಮೊದಲಿನ ಗಾತ್ರಕ್ಕೆ ಹತ್ತಿರವಾಗುತ್ತದೆ. ಈ ಕುಗ್ಗುವಿಕೆ ಗರ್ಭಕೋಶದ ಸ್ನಾಯುಗಳ ಸಂಕೋಚನದಿಂದ ನಡೆಯುತ್ತದೆ. ಮಗುವಿಗೆ ಹಾಲುಣಿಸುವಾಗ ಸ್ರವಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಅದಕ್ಕೆ ನೆರವಾಗುತ್ತದೆ. ಹಾಲೂಡುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು ಇದರಿಂದಲೇ. ಹೊರಗಿನಿಂದ ಕಟ್ಟಿದ ಪಟ್ಟಿಗೆ ಇದರಲ್ಲಿ ಪಾತ್ರವಿಲ್ಲ. ಗರ್ಭಕೋಶ ಜಾರದಂತೆ ಹಿಡಿದಿಡುವುದು ಕೆಳಗಿನ ಶ್ರೋಣಿತಳದ ಸ್ನಾಯುಗಳು ಮತ್ತು ಬಂಧಕಗಳು. ಹೊಟ್ಟೆಯ ಮಧ್ಯಭಾಗವನ್ನು ಅತಿಯಾಗಿ ಬಿಗಿದರೆ ಒಳಗಿನ ಒತ್ತಡ ಕೆಳಮುಖವಾಗಿ ಅವುಗಳ ಮೇಲೆಯೇ ಬೀಳುತ್ತದೆ. ಅಂದರೆ ಯಾವ ಭಯದಿಂದ ಹೊಟ್ಟೆಯನ್ನು ಬಿಗಿಯುತ್ತಾರೋ ಅದಕ್ಕೆ ಬಿಗಿತವೇ ಪೂರಕವಾಗಬಹುದು.

ಹೊಟ್ಟೆಯ ಸ್ನಾಯುಗಳು

ಗರ್ಭ ಬೆಳೆದಂತೆ ಹೊಟ್ಟೆಯ ಮುಂಭಾಗದ ಎರಡು ನೇರ ಸ್ನಾಯುಗಳು ನಡುಗೆರೆಯಲ್ಲಿ ಪರಸ್ಪರ ದೂರ ಸರಿಯುತ್ತವೆ. ಹೆರಿಗೆಯ ನಂತರದ ಮೊದಲ ಎಂಟು ವಾರಗಳಲ್ಲಿ ಈ ಅಂತರ ಬಹುಮಟ್ಟಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಅಂತರವು ಸುಮಾರು ಎರಡು ಬೆರಳುಗಳ ಅಗಲಕ್ಕಿಂತ ಹೆಚ್ಚು ಉಳಿದರೆ ಫಿಸಿಯೋಥೆರಪಿ ತಜ್ಞರು ಸೂಕ್ತ ವ್ಯಾಯಾಮಗಳನ್ನು ಕಲಿಸುತ್ತಾರೆ. ಪಟ್ಟಿಯು ಈ ಅವಧಿಯಲ್ಲಿ ಹೊಟ್ಟೆಗೆ ಆಸರೆಯಾಗಬಹುದು. ಆದರೆ ಸ್ನಾಯು ಮಾಡಬೇಕಾದ ಕೆಲಸವನ್ನು ತಿಂಗಳುಗಟ್ಟಲೆ ಪಟ್ಟಿಯೇ ಮಾಡಿದರೆ ಸ್ನಾಯು ಬಲಗೊಳ್ಳುವುದು ತಡವಾಗುತ್ತದೆ.

ಶಸ್ತ್ರಚಿಕಿತ್ಸೆಯ ಗಾಯ

ಸಿಸೇರಿಯನ್ ನಂತರದ ಮೊದಲ ದಿನಗಳಲ್ಲಿ ಎದ್ದು ಕೂರುವಾಗ, ಕೆಮ್ಮುವಾಗ ಮತ್ತು ನಡೆಯುವಾಗ ಪಟ್ಟಿಯಿಂದ ನೋವು ಕಡಿಮೆಯೆನಿಸುತ್ತದೆ ಎಂದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಎಲ್ಲ ಅಧ್ಯಯನಗಳ ಫಲಿತಾಂಶ ಒಂದೇ ಆಗಿಲ್ಲ. ಬೇಗನೆ ಎದ್ದು ನಡೆದಾಡುವುದು ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಮುಖ್ಯವಾದುದರಿಂದ, ನಡೆಯಲು ಧೈರ್ಯ ಕೊಡುವ ಆಸರೆಗೆ ಬೆಲೆಯಿದೆ.

ಕೊಬ್ಬು ಮತ್ತು ತೂಕ

ಒತ್ತಡದಿಂದ ಕೊಬ್ಬು ಕರಗುವುದಿಲ್ಲ. ಅದು ಪಟ್ಟಿಯ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆಯಷ್ಟೆ. ಪಟ್ಟಿ ಧರಿಸಿದಾಗ ತೂಕ ಇಳಿದಂತೆ ತೋರಿದರೆ ಅದು ಬೆವರಿನಲ್ಲಿ ಹೋದ ನೀರು. ನೀರು ಕುಡಿದೊಡನೆ ಮರಳಿ ಬರುತ್ತದೆ. ಪಟ್ಟಿ ಬಿಚ್ಚಿದ ಕೆಲವು ಗಂಟೆಗಳಲ್ಲಿ ಸೊಂಟವೂ ಮೊದಲಿನ ಸುತ್ತಳತೆಗೆ ಬರುತ್ತದೆ. ಬಿಗಿತದಿಂದ ಊಟ ಸೇರದೆ ತೂಕ ಇಳಿದರೆ ಅದು ಹಾಲೂಡುವ ತಾಯಿಗೆ ಲಾಭವಲ್ಲ, ನಷ್ಟ. ಸೊಂಟದ ಸುತ್ತಳತೆಗೆ ಆರೋಗ್ಯದ ದೃಷ್ಟಿಯಿಂದ ಮಹತ್ವವಿದೆ. ಭಾರತೀಯರಲ್ಲಿ ಮಹಿಳೆಯರಿಗೆ 80 ಸೆಂಟಿಮೀಟರ್ ಮತ್ತು ಪುರುಷರಿಗೆ 90 ಸೆಂಟಿಮೀಟರ್ ದಾಟಿದರೆ ಮಧುಮೇಹ ಮತ್ತು ಹೃದ್ರೋಗದ ಅಪಾಯ ಹೆಚ್ಚೆಂದು ಪರಿಗಣಿಸಲಾಗುತ್ತದೆ. ಈ ಅಪಾಯ ಹೊಟ್ಟೆಯೊಳಗಿನ ಕೊಬ್ಬಿಗೆ ಸಂಬಂಧಿಸಿದ್ದು. ಪಟ್ಟಿಯಿಂದ ಅಳತೆಯನ್ನು ಕುಗ್ಗಿಸಿದರೆ ಅಪಾಯ ಕುಗ್ಗುವುದಿಲ್ಲ.

ಆಯ್ಕೆ

ಅಳತೆ: ಪಟ್ಟಿಯನ್ನು ಈಗಿನ ಹೊಟ್ಟೆಯ ಅಳತೆಗೆ ಕೊಳ್ಳಬೇಕೇ ಹೊರತು ಗರ್ಭ ಧರಿಸುವ ಮೊದಲಿನ ಅಥವಾ ಮುಂದೆ ಆಗಬೇಕೆಂದು ಬಯಸುವ ಅಳತೆಗೆ ಅಲ್ಲ. ಸೊಂಟವನ್ನು ಅಳೆಯಲು ನೆಟ್ಟಗೆ ನಿಂತು, ಸಹಜವಾಗಿ ಉಸಿರು ಬಿಟ್ಟ ಮೇಲೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿಯ ನಡುವಿನ ಮಧ್ಯಭಾಗದಲ್ಲಿ ಟೇಪನ್ನು ಒತ್ತದೆ ಸುತ್ತಬೇಕು. ತಯಾರಕರು ಬೇರೆ ಜಾಗದ ಅಳತೆಯನ್ನು ಕೇಳಿದ್ದರೆ ಅದನ್ನೇ ಅನುಸರಿಸಬೇಕು. ಪೆಟ್ಟಿಗೆಯ ಮೇಲಿನ ಅಳತೆ ಇಂಚುಗಳಲ್ಲಿದೆಯೋ ಸೆಂಟಿಮೀಟರುಗಳಲ್ಲಿದೆಯೋ ನೋಡಬೇಕು. ಒಂದು ಇಂಚು 2.54 ಸೆಂಟಿಮೀಟರ್. ಎರಡು ಅಳತೆಗಳ ನಡುವೆ ಸಂದೇಹವಿದ್ದಲ್ಲಿ ದೊಡ್ಡದು ಲೇಸು.

ಅಗಲ: ಕುಳಿತಾಗ ಮೇಲಂಚು ಪಕ್ಕೆಲುಬಿಗೆ ಒತ್ತಬಾರದು, ಕೆಳಂಚು ತೊಡೆಯ ಸಂದಿಗೆ ಕೊರೆಯಬಾರದು. ಕುಳ್ಳಗಿರುವವರಿಗೆ ಕಡಿಮೆ ಅಗಲದ ಪಟ್ಟಿ ಹೊಂದುತ್ತದೆ.

ಬಟ್ಟೆ: ಚರ್ಮಕ್ಕೆ ತಾಗುವ ಭಾಗ ಹತ್ತಿಯದಾಗಿದ್ದು ಗಾಳಿಯಾಡುವಂತಿರಬೇಕು. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ರಬ್ಬರು ಅಥವಾ ನಿಯೋಪ್ರೀನ್ ಪಟ್ಟಿಯ ಕೆಳಗೆ ಬೆವರು ನಿಂತು ಬೆವರುಸಾಲೆ ಮತ್ತು ಶಿಲೀಂಧ್ರದ ಸೋಂಕು ಉಂಟಾಗುತ್ತದೆ. ಲ್ಯಾಟೆಕ್ಸ್ ಅಲರ್ಜಿಯುಳ್ಳವರು ಲ್ಯಾಟೆಕ್ಸ್ ಇಲ್ಲದ್ದನ್ನೇ ಆರಿಸಬೇಕು.

ರಚನೆ: ಬಾಣಂತಿಯರಿಗೆ ಉಕ್ಕಿನ ಪಟ್ಟಿಗಳಿಲ್ಲದ, ಮುಂಭಾಗದಲ್ಲಿ ತೆರೆಯುವ, ಯಾರ ನೆರವೂ ಇಲ್ಲದೆ ಕ್ಷಣದಲ್ಲಿ ಬಿಚ್ಚಬಹುದಾದ ಪಟ್ಟಿ ಯೋಗ್ಯ.

ಖರೀದಿ: ತಯಾರಕರ ಹೆಸರು, ಬೆಲೆ ಮತ್ತು ಅಳತೆಯ ಪಟ್ಟಿ ಇರುವ ವಸ್ತುವನ್ನು ಬಿಲ್ಲಿನೊಂದಿಗೆ ಕೊಳ್ಳುವುದು ಉತ್ತಮ. ‘ಹತ್ತು ದಿನಗಳಲ್ಲಿ ಹೊಟ್ಟೆ ಮಾಯ’ ಎಂಬ ಬಗೆಯ ಭರವಸೆಗಳಿಗೆ ಯಾವ ಆಧಾರವೂ ಇರುವುದಿಲ್ಲ. ಬೇರೆಯವರು ಬಳಸಿದ ಪಟ್ಟಿಯನ್ನು ಶಸ್ತ್ರಚಿಕಿತ್ಸೆಯ ಗಾಯದ ಮೇಲೆ ಕಟ್ಟಬಾರದು.

ಧರಿಸುವ ವಿಧಾನ

ಆರಂಭದ ಸಮಯವನ್ನು ಹೆರಿಗೆ ಮಾಡಿಸಿದ ವೈದ್ಯರು ಅಥವಾ ದಾದಿಯರು ನಿರ್ಧರಿಸಬೇಕು. ಹೆರಿಗೆಯ ನಂತರದ ಮೊದಲ ಗಂಟೆಗಳಲ್ಲಿ ಅವರು ಹೊಟ್ಟೆಯನ್ನು ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಪದೇ ಪದೇ ಪರೀಕ್ಷಿಸುತ್ತಾರೆ. ಗರ್ಭಕೋಶ ಮೆತ್ತಗಾಗಿ ಉಬ್ಬುವುದು ಅತಿಯಾದ ರಕ್ತಸ್ರಾವದ ಸೂಚನೆ. ಆ ಹೊತ್ತಿನಲ್ಲಿ ಹೇಳದೆ ಕೇಳದೆ ಬಿಗಿದ ಕಟ್ಟು ಈ ಸೂಚನೆಯನ್ನು ಮರೆಮಾಡಬಲ್ಲದು.

ಅನುಮತಿ ದೊರೆತ ಮೇಲೆ ಅನುಸರಿಸುವ ಕ್ರಮ ಹೀಗಿದೆ:

1. ಮೂತ್ರ ವಿಸರ್ಜಿಸಿ, ಮೈಯನ್ನು ಚೆನ್ನಾಗಿ ಒರೆಸಿಕೊಳ್ಳಬೇಕು. ಎಣ್ಣೆಯ ಪಸೆಯ ಮೇಲೆ ಪಟ್ಟಿ ಕಟ್ಟಿದರೆ ಅದು ಜಾರಿ ಸುರುಳಿಯಾಗಿ ಕೊರೆಯುತ್ತದೆ.
2. ತೆಳುವಾದ ಹತ್ತಿಯ ಒಳಉಡುಪು ಧರಿಸಿ, ಬೆನ್ನ ಮೇಲೆ ಮಲಗಿ ಮೊಣಕಾಲುಗಳನ್ನು ಮಡಚಬೇಕು.
3. ಪಟ್ಟಿಯನ್ನು ಬೆನ್ನ ಕೆಳಗೆ ಸಮನಾಗಿ ಹರಡಿ, ಉಸಿರು ಬಿಡುತ್ತ ಕೆಳಗಿನ ಪಟ್ಟೆಯಿಂದ ಆರಂಭಿಸಿ ಮೇಲಕ್ಕೆ ಒಂದೊಂದಾಗಿ ಅಂಟಿಸಬೇಕು. ಕೆಳಭಾಗಕ್ಕಿಂತ ಮೇಲ್ಭಾಗ ಹೆಚ್ಚು ಬಿಗಿಯಾಗಿರಬಾರದು.
4. ಪಟ್ಟಿಯ ಒಳಗೆ ಎರಡು ಬೆರಳುಗಳು ಸುಲಭವಾಗಿ ಹೋಗಬೇಕು.
5. ಎದ್ದು ಕುಳಿತು ದೀರ್ಘವಾಗಿ ಉಸಿರೆಳೆದು ನೋಡಬೇಕು. ಮಾತನಾಡಲು, ನಗಲು, ಮಗುವಿಗೆ ಹಾಲೂಡಲು ಅಡ್ಡಿಯಾದರೆ ಸಡಿಲಿಸಬೇಕು.

ಮೊದಲ ದಿನ ಅರ್ಧ ಗಂಟೆಯಿಂದ ಒಂದು ಗಂಟೆ ಧರಿಸಿ ಚರ್ಮವನ್ನು ಪರೀಕ್ಷಿಸಿದ ಬಳಿಕ ಅವಧಿಯನ್ನು ಹೆಚ್ಚಿಸುವುದು ಸೂಕ್ತ. ನಡೆದಾಡುವಾಗ ಮತ್ತು ಕೆಲಸದ ಹೊತ್ತಿನಲ್ಲಿ ಧರಿಸಿ, ಊಟ ಮಾಡುವಾಗ ಸಡಿಲಿಸಿ, ಮಲಗುವಾಗ ತೆಗೆದಿಡಬೇಕು. ಶಸ್ತ್ರಚಿಕಿತ್ಸೆಯಾದವರು ನಿತ್ಯವೂ ಗಾಯವನ್ನು ನೋಡಿಕೊಳ್ಳಬೇಕು. ಪಟ್ಟಿಯ ಅಂಚು ಹೊಲಿಗೆಯ ಮೇಲೆ ಬೀಳದಂತೆ ಎಚ್ಚರ ವಹಿಸಬೇಕು. ಅಗ್ಗಿಷ್ಟಿಗೆಯ ಬಳಿ ಕೂರುವಾಗ ರಬ್ಬರು ಮತ್ತು ನೈಲಾನ್ ಪಟ್ಟಿಗಳನ್ನು ತೆಗೆದಿಡಬೇಕು. ಅವು ಶಾಖಕ್ಕೆ ಕರಗುತ್ತವೆ, ಬೇಗನೆ ಬೆಂಕಿ ಹತ್ತಿಕೊಳ್ಳುತ್ತವೆ. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ನಂತರ ಪಟ್ಟಿಯ ಅಗತ್ಯ ಉಳಿಯುವುದಿಲ್ಲ; ಕೊನೆಯ ವಾರಗಳಲ್ಲಿ ದಿನದಿಂದ ದಿನಕ್ಕೆ ಅವಧಿ ಕಡಿಮೆ ಮಾಡಿ ಬಿಡಬೇಕು.

ಸೌಂದರ್ಯಕ್ಕಾಗಿ ವೇಸ್ಟ್ ಟ್ರೇನರ್ ಧರಿಸುವವರಿಗೆ ವೈದ್ಯಶಾಸ್ತ್ರ ನಿಗದಿಪಡಿಸಿದ ಪ್ರಮಾಣವಿಲ್ಲ. ಸಮಾರಂಭವೊಂದರ ಉಡುಪಿನೊಳಗೆ ಕೆಲವು ಗಂಟೆ, ಮೇಲೆ ಹೇಳಿದ ಉಸಿರಿನ ಮತ್ತು ಬೆರಳಿನ ಪರೀಕ್ಷೆಗೆ ಒಳಪಟ್ಟು ಧರಿಸುವುದು ಬೇರೆ. ದಿನವಿಡೀ ಧರಿಸಿ ವಾರಕ್ಕೊಂದು ಕೊಂಡಿ ಬಿಗಿಯುತ್ತ ಹೋಗುವುದು ಬೇರೆ. ವ್ಯಾಯಾಮ ಮಾಡುವಾಗ ಆಳವಾದ ಉಸಿರು ಬೇಕಾದುದರಿಂದ ಆಗ ಧರಿಸುವುದು ಸಲ್ಲದು. ಬೆಳೆಯುವ ವಯಸ್ಸಿನ ಹುಡುಗಿಯರು ಇದನ್ನು ಬಳಸಬಾರದು.

ಅಪಾಯಗಳು

- ಉಸಿರಾಟ: ವಪೆಯ ಚಲನೆಗೆ ತಡೆಯಾಗಿ ಉಸಿರು ಮೇಲ್ಮೇಲೆ ಆಗುತ್ತದೆ, ತಲೆಸುತ್ತು, ಮೂರ್ಛೆ ಬರಬಹುದು.
- ಜೀರ್ಣಾಂಗ: ಜಠರದ ಆಮ್ಲ ಮೇಲಕ್ಕೆ ಒತ್ತಲ್ಪಟ್ಟು ಎದೆಯುರಿ, ಹುಳಿತೇಗು ಹೆಚ್ಚುತ್ತವೆ.
- ನರ: ತೊಡೆಯ ಹೊರಭಾಗಕ್ಕೆ ಹೋಗುವ ನರ ಸೊಂಟದ ಮೂಳೆಯ ಬಳಿ ಒತ್ತಲ್ಪಟ್ಟು ಅಲ್ಲಿ ಜೋಮು ಮತ್ತು ಉರಿ ಕಾಣಿಸಿಕೊಳ್ಳುತ್ತದೆ.
- ಶ್ರೋಣಿತಳ: ಕೆಮ್ಮಿದಾಗ ಮೂತ್ರ ಜಿನುಗುವುದು ಮತ್ತು ಕೆಳಗೆ ಜಗ್ಗಿದಂತಾಗುವುದು ಉಲ್ಬಣಿಸಬಹುದು.
- ಚರ್ಮ: ಗುಳ್ಳೆ, ಹುಣ್ಣು, ಸೋಂಕು.

ಧರಿಸಬಾರದವರು

ಗರ್ಭಿಣಿಯರು ಹೊಟ್ಟೆಯನ್ನು ಬಿಗಿಯುವ ಪಟ್ಟಿಯನ್ನು ಧರಿಸಬಾರದು. ಗರ್ಭಿಣಿಯರಿಗಾಗಿ ಹೊಟ್ಟೆಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಬೇರೆ ಬಗೆಯ ಪಟ್ಟಿಗಳಿವೆ. ಹರ್ನಿಯಾ, ಗರ್ಭಕೋಶದ ಜಾರುವಿಕೆ, ತೀವ್ರವಾದ ಎದೆಯುರಿ, ಅಸ್ತಮಾ ಅಥವಾ ಹೃದಯದ ತೊಂದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಸೋಂಕು ತಗುಲಿದ ಅಥವಾ ಕೀವು ಬರುವ ಗಾಯ ಇರುವವರು ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

ಪಟ್ಟಿಯನ್ನು ಕೂಡಲೇ ಬಿಚ್ಚಿ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು: ಗಂಟೆಗೆ ಒಂದಕ್ಕಿಂತ ಹೆಚ್ಚು ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ದುರ್ವಾಸನೆಯ ಸ್ರಾವ, ಜ್ವರ, ಗಾಯ ಕೆಂಪಾಗುವುದು ಅಥವಾ ಬಿಟ್ಟುಕೊಳ್ಳುವುದು, ಹೊಟ್ಟೆಯ ತೀವ್ರ ನೋವು, ಒಂದೇ ಕಾಲಿನ ಬಾವು ಮತ್ತು ನೋವು, ಎದೆನೋವು, ಉಸಿರುಕಟ್ಟುವುದು. ಇವನ್ನು ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ಬಿಡುವಂತಿಲ್ಲ. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಪಡೆಯಬಹುದು.

ಪರ್ಯಾಯಗಳು ಮತ್ತು ಸೇವೆಗಳು

ಹೊಟ್ಟೆಯ ಸ್ನಾಯುಗಳ ಬಲವರ್ಧನೆಗೆ ಆಳವಾದ ಹೊಟ್ಟೆಯುಸಿರಾಟ, ಶ್ರೋಣಿತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ, ನಿಧಾನವಾದ ನಡಿಗೆ ಮುಖ್ಯವಾದವು. ಸಹಜ ಹೆರಿಗೆಯಾದವರು ಇವನ್ನು ಕೆಲವೇ ದಿನಗಳಲ್ಲಿ ಆರಂಭಿಸಬಹುದು. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿ ಆರಂಭಿಸಬೇಕು.

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮತ್ತು ಮಗುವನ್ನು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬಂದು ನೋಡುತ್ತಾರೆ. ಪಟ್ಟಿಯ ಬಿಗಿತ, ಗಾಯ ಮತ್ತು ಸ್ರಾವದ ಕುರಿತು ಕೇಳಲು ಇದು ಸುಲಭವಾದ ಅವಕಾಶ. ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಎಂದು ಆರಂಭವಾಗಿ ಜನರ ಮಾತಿನಲ್ಲಿ ಕಿಮ್ಸ್ ಎನಿಸಿಕೊಂಡಿರುವ ಸರ್ಕಾರಿ ಆಸ್ಪತ್ರೆಯಲ್ಲಿ, ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿ ಮತ್ತು ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಗಳಿವೆ.

ಸಾಮಾಜಿಕ ಅಂಶ

ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆ ಮೊದಲಿನ ಸ್ಥಿತಿಗೆ ಬರಲು ತಿಂಗಳುಗಳೇ ಬೇಕು. ‘ಸರಿಯಾಗಿ ಹೊಟ್ಟೆ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕೇ ಹೀಗಾಯಿತು’ ಎಂಬ ಆಕ್ಷೇಪವನ್ನು ಅನೇಕ ಮಹಿಳೆಯರು ಕೇಳುತ್ತಾರೆ. ಹೊಟ್ಟೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಗರ್ಭಾವಸ್ಥೆಯಲ್ಲಿ ಹೆಚ್ಚಿದ ತೂಕ, ಹೆರಿಗೆಗಳ ಸಂಖ್ಯೆ, ಸ್ನಾಯುಗಳ ಅಂತರ, ವಯಸ್ಸು ಮತ್ತು ಅನುವಂಶೀಯ ಗುಣಗಳನ್ನು ಅವಲಂಬಿಸಿದೆ, ಕಟ್ಟಿನ ಬಿಗಿತವನ್ನಲ್ಲ. ಎಣ್ಣೆ ಹಚ್ಚುವುದು, ಬಟ್ಟೆ ಸುತ್ತುವುದು, ವಿಶ್ರಾಂತಿ ಕೊಡುವುದು ಬಾಣಂತಿಯನ್ನು ಮನೆಮಂದಿ ಆರೈಕೆ ಮಾಡುವ ರೀತಿಗಳು. ಆ ಆರೈಕೆಯ ಅಂಗವಾಗಿ ಹದವಾಗಿ ಕಟ್ಟಿದ ಮೆತ್ತನೆಯ ಬಟ್ಟೆ ಹಿತಕರ; ಆಕಾರದ ಆತುರಕ್ಕಾಗಿ ಉಸಿರುಗಟ್ಟುವಂತೆ ಎಳೆದ ಪಟ್ಟಿ ಹಾನಿಕರ.

ಇದನ್ನೂ ನೋಡಿ

ಬಾಣಂತನ
ಸಿಸೇರಿಯನ್ ಹೆರಿಗೆ
ಕಾರ್ಸೆಟ್
ಹರ್ನಿಯಾ